ನಸೀಮಾ ನಿದ್ದೆ ಮಾಡಿದ ಹಗಲು

ನಮ್ಮ ಊರಿನಲ್ಲಿ ಬೆಳಗಿನ ಸೈರನ್ ಕೂಗಿದ ಕೂಡಲೇ ಮಹಡಿಗಳು ಎದ್ದು ಹೋಗುತ್ತವೆ. ಮೊದಲು ಬಟ್ಟೆ ಒಣಗಿಸುವ ತಂತಿ ಸಣ್ಣಗೆ ಅಲುಗುತ್ತದೆ. ಆಮೇಲೆ ಕಿಟಕಿಗಳು ಪಟಪಟ ಬಡಿದುಕೊಳ್ಳುತ್ತವೆ. ಅಷ್ಟರಲ್ಲಿ ಕೆಳಗಿನ ಮನೆಯ ತಾರಸಿ ಬಿಟ್ಟು ಮಹಡಿ ಮೇಲೆ ಏಳುತ್ತದೆ, ನೋಡನೋಡುತ್ತ ಊರಾಚೆ ಹೋಗಿ ಮರೆಯಾಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ಮೇಯಲು ಹೋಗುತ್ತದೆ ಎಂದು ನಾವು ಹೇಳುತ್ತೇವೆ. ಸಂಜೆಯ ಸೈರನ್ನಿಗೆ ಎಲ್ಲವೂ ತಂತಮ್ಮ ಮನೆಯ ಮೇಲೆ ಬಂದು ಕೂರುತ್ತವೆ. ದನಗಳು ಕೊಟ್ಟಿಗೆ ತಪ್ಪುವುದುಂಟು, ಮಹಡಿ ಮನೆ ತಪ್ಪಿದ್ದನ್ನು ನಾನಂತೂ ಕಂಡಿಲ್ಲ.

ನಾನು ನೆಲದವನು. ಎಂದರೆ ಕೆಳಗಿನ ಮನೆಯವನು. ನನ್ನ ಮನೆಗೆ ಮಹಡಿಯೇ ಇಲ್ಲ. ಗಡಿಯಾರದ ಕಂಬದ ಹಿಂದೆ ಟೈಪಿಂಗ್ ಕಲಿಸುವ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡಿದ್ದೇನೆ. ಮಹಡಿಗಳಲ್ಲಿ ಇರುವವರೆಲ್ಲ ಹೆಚ್ಚುಕಡಿಮೆ ವಿದ್ಯಾರ್ಥಿಗಳೇ. ರಾತ್ರಿ ಮಾತ್ರ ಇರುವ ಕೋಣೆಗೆ ಬಾಡಿಗೆ ಕಡಿಮೆ, ಅದಕ್ಕೆ. ಕಾಲೇಜು ಇದ್ದಷ್ಟು ಹೊತ್ತು ಹೇಗೋ ಆಗುತ್ತದೆ. ಕಾಲೇಜು ಇಲ್ಲದ ಹೊತ್ತು, ರಜೆಯ ದಿನ, ಪರೀಕ್ಷೆಗೆ ಓದಲು ಬಿಟ್ಟ ದಿನ, ಅವರಿಗೆ ತಲೆಯ ಮೇಲೆ ಆಕಾಶ ಒಂದೇ. ಕೈಯಲ್ಲಿ ಕಾಸಿಲ್ಲದೆ ಹಗಲನ್ನು ಹೇಗಾದರೂ ಸವೆಸಬೇಕು. ಹೀಗಾಗಿ ನಮ್ಮ ಊರಿನಲ್ಲಿ ಯಾವ ಬಾಗಿಲು ತೆರೆದರೂ ಒಳಗೆ ಇಬ್ಬರು ಮೂವರು ವಿದ್ಯಾರ್ಥಿಗಳು ಕೂತಿರುತ್ತಾರೆ. ಇವರಿಗೆ ಕಾಲು ಕೊಟ್ಟ ದೇವರು ಮನೆ ಕೊಡುವುದನ್ನು ಮರೆತನೇ ಎಂದು ನಾನೂ ಎಷ್ಟೋ ಸಲ ಗೊಣಗಿದ್ದೇನೆ.

ಇದರಲ್ಲಿ ಒಂದು ಕಟ್ಟುನಿಟ್ಟು ಇದೆ. ಮಹಡಿಯವರು ಹಗಲು ನಿದ್ದೆ ಮಾಡುವ ಹಾಗಿಲ್ಲ. ಮಾಡಿದರೆ ಅವರ ಮಹಡಿ ಎಲ್ಲಿದ್ದರೂ ಹುಡುಕಿಕೊಂಡು ಬಂದು, ಅವರು ಎಲ್ಲಿ ಮಲಗಿದ್ದಾರೋ ಅಲ್ಲೇ ಇಳಿದುಬಿಡುತ್ತದೆ. ಹಗಲು ಇಳಿದ ಮಹಡಿ ಮತ್ತೆ ಏಳುವುದಿಲ್ಲ, ಏಳದ ಮಹಡಿ ಬಾಳುವುದಿಲ್ಲ. ಗೋಡೆ ಬೆವರುತ್ತದೆ, ಗಾರೆ ಉದುರುತ್ತದೆ, ಒಂದು ಮಳೆಗಾಲ ಕಳೆಯುವುದರೊಳಗೆ ಕೆಡವಬೇಕಾಗುತ್ತದೆ. ಹಿಂದೆ ಒಬ್ಬ ಮಹಾರಾಯ ಮ್ಯಾಟಿನಿ ಷೋ ನೋಡುತ್ತ ನಿದ್ದೆ ಹೋದ. ಅವನ ಮಹಡಿ, ನೀರಿನ ಹಂಡೆ, ತುಳಸಿ ಕುಂಡ ಸಮೇತ ಟಾಕೀಸಿನ ಮೇಲೆ ಬಂದು ಕೂತಿತು. ಟಾಕೀಸಿನವನಿಗೆ ಸೂರು ಹೋಯಿತು, ಮನೆಯವನಿಗೆ ಮಹಡಿ ಹೋಯಿತು, ಆ ಹುಡುಗ ನಾಚಿಕೆಯಿಂದ ಊರನ್ನೇ ಬಿಟ್ಟ. ಅಂದಿನಿಂದ ಮಹಡಿಯವರನ್ನು ಎಲ್ಲರೂ ಒಳಗೆ ಬಿಟ್ಟುಕೊಳ್ಳುತ್ತಾರೆ, ಆದರೆ ತೂಕಡಿಸಲು ಬಿಡುವುದಿಲ್ಲ. ಲೈಬ್ರರಿಯಲ್ಲಿ ಬೆತ್ತದ ತುದಿಯಿಂದ ಮೇಜು ಕುಟ್ಟುತ್ತ ತಿರುಗುವುದಕ್ಕೆಂದೇ ಒಬ್ಬ ಜವಾನನಿದ್ದಾನೆ.

ಹೀಗೆ ಎಚ್ಚರವಾಗಿದ್ದು ಹಗಲು ಕಳೆಯುವ ವಿದ್ಯೆಯಲ್ಲಿ ತುಂಗಾಳನ್ನು ಮೀರಿಸಿದವರಿಲ್ಲ. ಇಟ್ಟಿಗೆ ಗೂಡುಗಳ ಊರಿನಿಂದ ಬಿ.ಕಾಂ. ಓದಲು ಬಂದವಳು ಅವಳು. ನನ್ನಲ್ಲಿ ಟೈಪಿಂಗ್ ಕಲಿಯುತ್ತಿದ್ದಳು. ಯಾವ ವಾರ ಯಾವ ಕೋರ್ಟು ಹಾಲಿನಲ್ಲಿ ಸ್ವಾರಸ್ಯದ ಪಾಟೀಸವಾಲು ನಡೆಯುತ್ತದೆ ಎಂಬುದು ವಕೀಲರಿಗಿಂತ ಮೊದಲು ಅವಳಿಗೆ ಗೊತ್ತು. ಬ್ಯಾಂಡ್‌ಸೆಟ್ಟಿನವರು ಅಂಗಡಿಯ ಹಿತ್ತಿಲಲ್ಲಿ ಅಭ್ಯಾಸ ಮಾಡುವ ಹೊತ್ತು ಗೊತ್ತು. ಛತ್ರದಲ್ಲಿ ತೆಂಗಿನಕಾಯಿ ತುರಿದುಕೊಟ್ಟರೆ ಕೊನೆಯ ಪಂಕ್ತಿಯಲ್ಲಿ ಊಟ ಹಾಕುವ ಅಡುಗೆಭಟ್ಟರು ಗೊತ್ತು. ಕೆರೆಯ ದೋಣಿಯಲ್ಲಿ ನಿಂತ ನೀರು ಮೊಗೆದು ಹೊರಚೆಲ್ಲಿದರೆ ದೋಣಿಯವನು ಒಂದು ಸುತ್ತು ಹುಟ್ಟು ಹಾಕಲು ಬಿಡುತ್ತಾನೆ. ಏನೂ ಇಲ್ಲದ ದಿನಕ್ಕೆ ಸುತ್ತು ಬಸ್ಸು ಇದ್ದೇ ಇದೆ. ಊರಿನ ಹೊರರಸ್ತೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಸುತ್ತು ಹಾಕುವ ಬಸ್ಸು ಅದು. ವಿದ್ಯಾರ್ಥಿಗಳ ಪಾಸು ಇದ್ದರೆ ಎಷ್ಟು ಸುತ್ತಾದರೂ ಕೂರಬಹುದು.

ತುಂಗಾ ಇದ್ದದ್ದು ಕನಕಮ್ಮನವರ ಮಹಡಿಯಲ್ಲಿ. ಒಂದೇ ಕೋಣೆ, ಮುಂದೊಂದು ಗೇಣಗಲದ ಬಾಲ್ಕನಿ. ಗಂಡ ತೀರಿಹೋದ ಮೇಲೆ ಕನಕಮ್ಮನವರಿಗೆ ಆ ಕೋಣೆಯ ಬಾಡಿಗೆಯೇ ಆಧಾರ. ಬಾಯಿ ಬಹಳ ಜೋರು. ನಲ್ಲಿ ನೀರು ಹೆಚ್ಚು ಬಿಟ್ಟರೆ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು, ಬೈದು ಮುಗಿದ ಮೇಲೆ ಒಗ್ಗರಣೆ ಅವಲಕ್ಕಿ ಕೊಟ್ಟು ಕಳಿಸುತ್ತಿದ್ದರು. ಆ ವರ್ಷ ತುಂಗಾಳ ಜೊತೆ ಕೋಣೆಗೆ ಬಂದವಳು ನಸೀಮಾ. ಸಮುದ್ರದ ಕಡೆಯ ಹುಡುಗಿ, ಉಪ್ಪಿನ ಗದ್ದೆಯಲ್ಲಿ ಕೆಲಸ ಮಾಡುವವರ ಮಗಳು. ಮಾತು ಕಡಿಮೆ. ಅವರ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ. ಮೊದಲ ತಿಂಗಳು ಪೂರ್ತಿ ತುಂಗಾಳ ಹಿಂದೆ ಹಿಂದೆಯೇ ಊರು ಸುತ್ತಿದಳು. ತುಂಗಾಳಿಗೆ ಅವಳು ತಂಗಿಗಿಂತ ಹೆಚ್ಚಾದಳು.

ಪರೀಕ್ಷೆಗೆ ಓದಲು ಬಿಟ್ಟ ವಾರ ನಸೀಮಾಳಿಗೆ ಜ್ವರ ಬಂತು. ರಾತ್ರಿಯೆಲ್ಲ ಚಳಿ, ನಡುಕ, ರೆಪ್ಪೆ ಮುಚ್ಚಲಾಗದಷ್ಟು ತಲೆನೋವು. ಬೆಳಗಾದ ಮೇಲೆ ಚಳಿ ಬಿಟ್ಟು ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು, ಆದರೆ ಬೆಳಗಾದ ಮೇಲೆ ಮಲಗುವಂತಿಲ್ಲ. ಎರಡು ಮೂರು ದಿನ ಹೀಗೇ ನಡೆಯಿತು. ಹುಡುಗಿಯ ಕಣ್ಣು ಕೆಂಡವಾಯಿತು, ತುಟಿ ಒಡೆಯಿತು. ಆ ದಿನ ಬೆಳಗ್ಗೆ ತುಂಗಾ ಅವಳ ಕೈ ಹಿಡಿದುಕೊಂಡು ಧರ್ಮಾಸ್ಪತ್ರೆಗೆ ಹೋದಳು. ಡಾಕ್ಟರು ನಾಡಿ ನೋಡಿದರು, ಕಣ್ಣು ನೋಡಿದರು, ಮಾತ್ರೆ ಬರೆದುಕೊಟ್ಟರು.

"ಮಾತ್ರೆ ಅರ್ಧ ಕೆಲಸ ಅಷ್ಟೇ ಮಾಡುತ್ತೆ ಕಣಮ್ಮಾ. ಈ ಹುಡುಗಿ ನಿದ್ದೆ ಮಾಡ್ಬೇಕು. ಇವತ್ತೂ ನಿದ್ದೆ ಇಲ್ಲದಿದ್ರೆ ಜ್ವರ ತಲೆಗೇರಿಬಿಡುತ್ತೆ."

"ಇಲ್ಲೇ ಒಂದ್ ಹಾಸಿಗೆ ಕೊಡಿ ಸಾರ್" ಎಂದಳು ತುಂಗಾ.

ಡಾಕ್ಟರು ಮೇಲೆ ನೋಡಿದರು. ಹೆಂಚಿನ ಮಾಡು. "ಮಹಡಿಯವರನ್ನ ಹಗಲು ಹೇಗಮ್ಮಾ ಮಲಗಿಸ್ಕೊಳ್ಳಲಿ? ಇಳಿದುಬಿಟ್ರೆ ವಾರ್ಡಿನಲ್ಲಿರೋರ ಗತಿ ಏನು?" ಎಂದರು. ಹೇಳುವಾಗ ಅವರ ಮುಖವೂ ಸಪ್ಪಗಾಗಿತ್ತಂತೆ.

ಇಬ್ಬರೂ ಮನೆಗೆ ಬಂದರು. ಸೈರನ್ ಆಗಲೇ ಕೂಗಿತ್ತು. ಕೋಣೆ ಹೋಗಿ ತಾರಸಿ ಬೋಳಾಗಿತ್ತು, ಮೆಟ್ಟಿಲು ಮಾತ್ರ ಅರ್ಧಕ್ಕೆ ನಿಂತಿತ್ತು. ಕನಕಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

"ಏನೇ ಅಂದ್ರು ಡಾಕ್ಟ್ರು?"

ತುಂಗಾ ಹೇಳಿದಳು. ಕನಕಮ್ಮ, "ಹಾಗಾದ್ರೆ ಇನ್ನೇನ್ ನೋಡ್ತೀಯಾ? ಒಳಗೆ ಕರ್ಕೊಂಡ್ ಬಾ. ನಡುಮನೇಲಿ ಚಾಪೆ ಹಾಸ್ತೀನಿ, ಮಲಗ್ಲಿ" ಎಂದರು.

"ಅಮ್ಮಾ, ಇವಳು ಮಲಗಿದ್ರೆ ಮಹಡಿ..."

"ಹೋದ್ರೆ ಹೋಗ್ಲಿ ಬಿಡೇ. ಇಟ್ಟಿಗೆ ಗಾರೆ ತಾನೆ?"

ಬಾಯಿ ಹಾಗೆ ಹೇಳುತ್ತಿದ್ದರೂ ಕನಕಮ್ಮನವರ ಕಣ್ಣು ಮೇಲೆ ಬೋಳು ತಾರಸಿಯ ಕಡೆಗೆ ಹೋಯಿತು. ಅದನ್ನು ತುಂಗಾ ಕಂಡಳು. ಆ ಮಹಡಿ ಹೋದರೆ ಈ ಹೆಂಗಸಿನ ಒಲೆ ಉರಿಯುವುದಿಲ್ಲ. ಒಬ್ಬಳ ಜೀವಕ್ಕೆ ಇನ್ನೊಬ್ಬಳ ಜೀವನ ತೆತ್ತಂತೆ ಆಗಬಾರದು ಎಂದು ತುಂಗಾಳಿಗೆ ಎನ್ನಿಸಿತು. "ಬೇಡಮ್ಮಾ. ಸಂಜೆ ಸೈರನ್ ಆಗೋವರೆಗೆ ಇವಳನ್ನ ಎಚ್ಚರವಾಗಿ ಇಟ್ಕೊಳ್ಳೋದು ನನಗೆ ಬಿಡಿ. ಆಮೇಲೆ ಎಷ್ಟಾದ್ರೂ ಮಲಗ್ಲಿ" ಎಂದು ಹೇಳಿ, ನಸೀಮಾಳ ಹೆಗಲಿಗೆ ಶಾಲು ಹೊದಿಸಿ ಹೊರಟೇಬಿಟ್ಟಳು. ಕನಕಮ್ಮ ಹಿಂದಿನಿಂದ ಹಟಮಾರಿ, ಮೊಂಡಿ ಎಂದು ಬೈಯುವುದು ಬೀದಿಯ ತಿರುವಿನವರೆಗೂ ಕೇಳುತ್ತಿತ್ತು.

ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ತುಂಗಾ ಆ ದಿನ ಖರ್ಚು ಮಾಡಿದಳು. ಮೊದಲು ಕೋರ್ಟಿಗೆ ಕರೆದುಕೊಂಡು ಹೋದಳು. ಅಂದು ಎಮ್ಮೆಯ ಮೊಕದ್ದಮೆ. ಇಬ್ಬರು ಅಣ್ಣತಮ್ಮಂದಿರು ಒಂದೇ ಎಮ್ಮೆಯನ್ನು ತನ್ನದು ತನ್ನದು ಎನ್ನುತ್ತಿದ್ದರು, ಎಮ್ಮೆಯನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದರು. ವಕೀಲರೊಬ್ಬರು, ಎಮ್ಮೆಯ ಹೆಸರೇನು ಎಂದು ಕೇಳಿದ್ದಕ್ಕೆ ಅಣ್ಣ ಒಂದು ಹೇಳಿದ, ತಮ್ಮ ಇನ್ನೊಂದು ಹೇಳಿದ. ಜಡ್ಜ್ ಸಾಹೇಬರು ಎರಡು ಹೆಸರನ್ನೂ ಕೂಗಿ ನೋಡು ಎಂದು ಜವಾನನನ್ನು ಕಿಟಕಿಗೆ ಕಳಿಸಿದರು. ಎಮ್ಮೆ ಎರಡಕ್ಕೂ ಓಗೊಡಲಿಲ್ಲ. ಹಾಲೆಲ್ಲ ನಕ್ಕಿತು. ನಸೀಮಾ ಕೂಡ ನಕ್ಕಳು, ನಗುತ್ತಿದ್ದ ಹಾಗೇ ಅವಳ ತಲೆ ತುಂಗಾಳ ಹೆಗಲಿಗೆ ವಾಲಿತು. ಜವಾನ ಓಡಿಬಂದು ಬೆಂಚು ಬಡಿದ. ಮೇಲೆ ಆಕಾಶದಲ್ಲಿ ಎಲ್ಲೋ ದೂರದಲ್ಲಿ ಕಿಟಕಿ ಬಡಿದ ಸದ್ದು ಕೇಳಿದ ಹಾಗಾಯಿತು. ತುಂಗಾ ನಸೀಮಾಳನ್ನು ಎಳೆದುಕೊಂಡು ಹೊರಗೆ ಬಂದಳು.

ಅಲ್ಲಿಂದ ಬ್ಯಾಂಡ್‌ಸೆಟ್ಟಿನ ಅಂಗಡಿ. ತುತ್ತೂರಿಯ ಪಕ್ಕದಲ್ಲೇ ಕೂರಿಸಿದಳು. ಸತ್ತವರು ಎದ್ದು ಕೂರುವಂಥ ಸದ್ದು. ನಸೀಮಾ ತಲೆ ಹಿಡಿದುಕೊಂಡು, "ತುಂಗಾ, ಇದು ಬೇಡ. ತಲೆ ಸಿಡಿದುಹೋಗುತ್ತೆ" ಎಂದು ಅತ್ತಳು. ಅಲ್ಲಿಂದ ಛತ್ರ. ಒಗ್ಗರಣೆಯ ವಾಸನೆಗೆ ಹುಡುಗಿ ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡಳು. ಅಡುಗೆಭಟ್ಟರು ನಿಂಬೆಹಣ್ಣು ಕೊಟ್ಟು ಮೂಸಿನೋಡು ಎಂದರು. ಕೆರೆಯ ಹತ್ತಿರ ದೋಣಿಯವನು ಅವಳ ಮುಖ ನೋಡಿದವನೇ, "ತಾಯೀ, ಈಕೆ ನೀರಿನ ಮೇಲೆ ಕಣ್ಣು ಮುಚ್ಚಿದ್ರೆ ಮಹಡಿ ಮುಳುಗಿಹೋಗುತ್ತೆ" ಎಂದು ಕೈಮುಗಿದ. ಊರೆಲ್ಲ ಕೂರಲು ಜಾಗವಿತ್ತು. ಮಲಗಲು ಜಾಗವಿರಲಿಲ್ಲ.

ಕೊನೆಗೆ ಉಳಿದದ್ದು ಸುತ್ತು ಬಸ್ಸು. ಆ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಇಲ್ಲಿಯವರೆಗಿನದು ತುಂಗಾ ಆಮೇಲೆ ನನಗೆ ಹೇಳಿದ್ದು. ಇಲ್ಲಿಂದ ಮುಂದಿನದನ್ನು ನಾನೇ ಕಂಡಿದ್ದೇನೆ, ಯಾಕೆಂದರೆ ಟೈಪ್‌ರೈಟರಿನ ರಿಬ್ಬನ್ ತರಲೆಂದು ನಾನೂ ಆ ಬಸ್ಸಿನಲ್ಲಿದ್ದೆ.

ಹುಡುಗಿಯರು ಕೊನೆಯ ಉದ್ದ ಸೀಟಿನಲ್ಲಿ ಕೂತರು. ತುಂಗಾ ಏನೇನೋ ಕಥೆ ಹೇಳುತ್ತಿದ್ದಳು, ಕೆನ್ನೆ ತಟ್ಟುತ್ತಿದ್ದಳು, ಒದ್ದೆ ಕರ್ಚೀಫು ಹಣೆಗೆ ಒತ್ತುತ್ತಿದ್ದಳು. ಕಂಡಕ್ಟರ್ ಮರಿಸ್ವಾಮಿ ಪ್ರತಿ ಸ್ಟಾಪಿನಲ್ಲೂ ಹಿಂದೆ ತಿರುಗಿ, "ಎಚ್ಚರ ಇದೀರಾ?" ಎಂದು ಕೇಳುತ್ತಿದ್ದ. ತುಂಗಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಲೇ ಇದ್ದಳು. ಆದರೆ ಕರ್ಚೀಫಿಗೆ ನೀರು ಹಾಕಿಕೊಳ್ಳಲು ಬಾಟಲಿಯ ಮುಚ್ಚಳ ತಿರುಗಿಸಿದಳಲ್ಲ, ಅಷ್ಟೇ ಹೊತ್ತು ಸಾಕಾಯಿತು. ಬಸ್ಸಿನೊಳಗೆ ತಟ್ಟನೆ ತಂಪಾಯಿತು. ಮೋಡ ಬಂತೆಂದುಕೊಂಡು ನಾನು ಕಿಟಕಿಯಿಂದ ತಲೆ ಹೊರಹಾಕಿದೆ. ಬಸ್ಸಿನ ಮೇಲೆ, ಎರಡಾಳು ಎತ್ತರದಲ್ಲಿ, ಕನಕಮ್ಮನವರ ಮಹಡಿ ಬರುತ್ತಿತ್ತು. ಬಾಲ್ಕನಿಯ ತಂತಿಯಲ್ಲಿ ಹಸಿರು ದುಪಟ್ಟಾ ಒಂದು ಹಾರಾಡುತ್ತಿತ್ತು.

"ಎಬ್ಬಿಸೀ! ಎಬ್ಬಿಸೀ!" ಎಂದು ಮುಂದಿನವರು ಕೂಗಿದರು. ಮರಿಸ್ವಾಮಿ ಸೀಟಿ ಬಾಯಿಗಿಟ್ಟುಕೊಂಡ. ತುಂಗಾ ನಸೀಮಾಳ ಭುಜಕ್ಕೆ ಕೈ ಹಾಕಿದಳು. ಕೈ ಹಾಕಿದವಳು ಅಲುಗಿಸಲಿಲ್ಲ. ನಸೀಮಾಳ ಮುಖ ನನಗೆ ಕಾಣುತ್ತಿತ್ತು. ಅಷ್ಟು ದಿನಗಳ ಮೇಲೆ ಆ ಹುಡುಗಿಯ ಹಣೆ ಸಡಿಲವಾಗಿತ್ತು, ಬಾಯಿ ಮಗುವಿನಂತೆ ತುಸು ತೆರೆದಿತ್ತು. ಇದನ್ನು ಎಬ್ಬಿಸಲು ಯಾರಿಗೆ ಮನಸ್ಸು ಬಂದೀತು? ತುಂಗಾ ತಲೆ ಎತ್ತಿ ಎಲ್ಲರನ್ನೂ ನೋಡಿದಳು. ಆಮೇಲೆ ಹೊರಗೆ ಬಗ್ಗಿ ಮೇಲೆ ನೋಡಿದಳು. ಬಸ್ಸು ಓಡುತ್ತಿತ್ತು, ಮಹಡಿಯೂ ಜೊತೆಯಲ್ಲೇ ಓಡುತ್ತಿತ್ತು, ಇಳಿದಿರಲಿಲ್ಲ.

"ಡ್ರೈವರಣ್ಣಾ" ಎಂದು ಅವಳು ಕೂಗಿದಳು, ಕೂಗಿದರೂ ಪಿಸುಮಾತಿನಂತೆ. "ನಿಲ್ಲಿಸ್ಬೇಡಿ. ನಿಂತ್ರೆ ತಾನೆ ಅದು ಇಳಿಯೋದು?"

ಡ್ರೈವರ್ ಅಂತೋಣಿ ಕನ್ನಡಿಯಲ್ಲಿ ನೋಡಿದ. ದಪ್ಪ ಮೀಸೆಯ, ಯಾರ ಜೊತೆಯೂ ಎರಡು ಮಾತಿಗಿಂತ ಹೆಚ್ಚು ಆಡದ ಆಸಾಮಿ. "ಎಷ್ಟೊತ್ತು?" ಎಂದ.

"ಸಂಜೆ ಸೈರನ್ ಆಗೋವರೆಗೆ."

ಮುಂದಿನ ಸ್ಟಾಪು ಬಂತು. ಬಸ್ಸು ನಡೆಯುವ ಮನುಷ್ಯನಷ್ಟು ನಿಧಾನವಾಯಿತು, ನಿಲ್ಲಲಿಲ್ಲ. ಮರಿಸ್ವಾಮಿ ಸೀಟಿಯನ್ನು ಜೇಬಿಗೆ ಹಾಕಿಕೊಂಡು ಫುಟ್‌ಬೋರ್ಡಿನ ಮೇಲೆ ಬಗ್ಗಿ, "ನಡೀತಾ ನಡೀತಾ ಹತ್ತಿ. ಮಾತಾಡ್ಬೇಡಿ. ಮಗು ಮಲಗಿದೆ" ಎಂದ. ಸ್ಟಾಪಿನಲ್ಲಿದ್ದವರು ಮೊದಲು ಅವನನ್ನು ನೋಡಿದರು, ಆಮೇಲೆ ಬಸ್ಸಿನ ಮೇಲೆ ತೇಲುತ್ತಿದ್ದ ಕೋಣೆಯನ್ನು ನೋಡಿದರು. ಚಪ್ಪಲಿ ಕೈಯಲ್ಲಿ ಹಿಡಿದು ಓಡೋಡಿ ಹತ್ತಿದರು.

ನಾನು ರಿಬ್ಬನ್ ಅಂಗಡಿಯ ಹತ್ತಿರ ಇಳಿಯಬೇಕಾಗಿತ್ತು. ಇಳಿಯಲಿಲ್ಲ. ಓಡುವ ಬಸ್ಸಿನಿಂದ ಇಳಿಯುವ ವಯಸ್ಸು ನನ್ನದಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ, ನಿಜವಾಗಿ ಇಳಿಯಲು ಮನಸ್ಸೇ ಇರಲಿಲ್ಲ. ನನ್ನ ಪಕ್ಕದ ಮುದುಕರೊಬ್ಬರಿಗೆ ಮಾತ್ರ ಇಳಿಯಲೇಬೇಕಿತ್ತು. ಇಬ್ಬರು ಹಮಾಲರು ಅವರನ್ನು ಪಲ್ಲಕ್ಕಿಯ ದೇವರಂತೆ ಎತ್ತಿಕೊಂಡು ಇಳಿದು ಅವರ ಮನೆಯ ಜಗಲಿಗೇ ಮುಟ್ಟಿಸಿ, ಓಡಿಬಂದು ಮತ್ತೆ ಬಸ್ಸು ಹತ್ತಿದರು. ಸುದ್ದಿ ನಮಗಿಂತ ಮುಂದೆ ಓಡುತ್ತಿತ್ತು. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ದಾರಿಯಲ್ಲಿ ಗಾಡಿಗಳು ಪಕ್ಕಕ್ಕೆ ಸರಿದು ನಿಂತಿದ್ದವು. ಲಾರಿಯವರು ಹಾರನ್ನಿನಿಂದ ಕೈ ತೆಗೆದಿದ್ದರು. ಕಬ್ಬಿಣದ ಅಂಗಡಿಯವನು ಸುತ್ತಿಗೆ ಎತ್ತಿದವನು ಎತ್ತಿದ ಹಾಗೇ ನಮ್ಮನ್ನು ದಾಟಿಸಿ ಆಮೇಲೆ ಬಡಿದ.

ರೈಲ್ವೆ ಗೇಟಿನಲ್ಲಿ ಮಾತ್ರ ನಮ್ಮ ಜೀವ ಬಾಯಿಗೆ ಬಂತು. ಗೇಟು ಬಿದ್ದಿತ್ತು. ಅಂತೋಣಿ ಬಸ್ಸನ್ನು ಗೇಟಿನ ಮುಂದಿನ ಅರಳಿಕಟ್ಟೆಯ ಸುತ್ತ ತಿರುಗಿಸತೊಡಗಿದ. ಕಟ್ಟೆ ಸಣ್ಣದು, ಬಸ್ಸು ದೊಡ್ಡದು. ಒಂದೊಂದು ಸುತ್ತಿಗೂ ಆಳು ಅಂಗೈ ಅಗಲದಲ್ಲಿ ಗೋಡೆ ತಪ್ಪಿಸುತ್ತಿದ್ದ. ಬಸ್ಸು ನಿಧಾನವಾದ ಹಾಗೆಲ್ಲ ಮಹಡಿ ಕೆಳಕ್ಕೆ ಬಗ್ಗುತ್ತಿತ್ತು. ಬಾಲ್ಕನಿಗೆ ನೇತುಹಾಕಿದ್ದ ಬಕೇಟು ಬಸ್ಸಿನ ನೆತ್ತಿಗೆ ಡಬ್ ಎಂದು ತಾಗಿತು. ನಸೀಮಾ ಮಗ್ಗುಲು ಬದಲಿಸಿದಳು.

"ಸಾಕು ಕಣಮ್ಮಾ, ಎಬ್ಬಿಸಿಬಿಡು" ಎಂದೆ ನಾನು. "ಇಷ್ಟು ಹೊತ್ತು ಮಲಗಿದ್ದೇ ಬಂತು. ಕನಕಮ್ಮನ ಗತಿ ಏನು?"

ತುಂಗಾ ನನ್ನ ಕೈ ಹಿಡಿದು ನಸೀಮಾಳ ಕತ್ತಿನ ಮೇಲೆ ಇಟ್ಟಳು. "ನೋಡಿ ಸಾರ್, ಬೆವರು ಬರ್ತಿದೆ" ಎಂದಳು. ನಿಜ. ಸುಡುವ ಚರ್ಮದ ಮೇಲೆ ಅಷ್ಟಿಷ್ಟು ತೇವ. ಸುಮ್ಮನೆ ಹೋಗಿ ಕೂತೆ. ಗೂಡ್ಸು ರೈಲು ಹೋಯಿತು, ಗೇಟು ಎದ್ದಿತು, ಗೇಟಿನವನು ಗಂಟೆ ಬಾರಿಸದೆ ಬರೀ ಬಾವುಟ ಬೀಸಿದ.

ಬಿಸಿಲು ಇಳಿಯುವ ಹೊತ್ತಿಗೆ ಡೀಸೆಲ್ ಮುಗಿಯುತ್ತ ಬಂತು. ಬಂಕಿಗೆ ಹೋದರೆ ನಿಲ್ಲಿಸಬೇಕು. ಅಂತೋಣಿ ಡೀಸೆಲ್ ಮೀಟರಿನ ಮುಳ್ಳಿನ ಕಡೆ ಬೆರಳು ತೋರಿಸಿದ. ಮರಿಸ್ವಾಮಿ ತಲೆ ಮೇಲೆ ಕೈಹೊತ್ತ. ಏರು ಹತ್ತಿ ಇಳಿದು, ಹಳೆಯ ಸಂತೆಮಾಳ ದಾಟಿ ಸಮತಟ್ಟಾದ ರಸ್ತೆಗೆ ಬಂದಾಗ ಇಂಜಿನ್ ಎರಡು ಸಲ ಕೆಮ್ಮಿ ಉಸಿರು ಬಿಟ್ಟಿತು. ಮೇಲೆ ಮಹಡಿ ತಗ್ಗಿತು. ಕಿಟಕಿಯಿಂದ ಕೈ ಚಾಚಿದರೆ ಬಾಲ್ಕನಿಯ ಕಂಬಿ ಸಿಗುವಂತಿತ್ತು.

ನಿಂತೇಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಹಮಾಲರು ಹಾರಿ ಹಿಂದಕ್ಕೆ ಹೋಗಿದ್ದರು. ಮರಿಸ್ವಾಮಿ ಹಾರಿದ. ಬಸ್ಸಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಇಳಿದರು, ನಾನೂ ಇಳಿದೆ, ವಯಸ್ಸಿನ ಮಾತು ಆಗ ನೆನಪಾಗಲಿಲ್ಲ. ಬಸ್ಸು ತಳ್ಳುವಾಗ ಐಸಾ ಹೈಸಾ ಎಂದು ಕೂಗದೆ ತಳ್ಳುವುದು ಎಷ್ಟು ಕಷ್ಟ ಎಂಬುದು ತಳ್ಳಿದವರಿಗೇ ಗೊತ್ತು. ಹಲ್ಲು ಕಚ್ಚಿಕೊಂಡು ತಳ್ಳಿದೆವು. ಬಸ್ಸು ಹೆಜ್ಜೆ ಹೆಜ್ಜೆಗೂ ಹಿಂದೇಟು ಹಾಕುತ್ತ ನಡೆಯಿತು. ಆದರೆ ನಾವು ಹಿಡಿಯಷ್ಟು ಜನ. ಬೆಳಗಿನಿಂದ ಎಲ್ಲೆಲ್ಲೋ ಕೂತು ಹೊತ್ತು ಕಳೆಯುತ್ತಿದ್ದ ವಿದ್ಯಾರ್ಥಿಗಳು ಆಗ ಬರತೊಡಗಿದರು. ಲೈಬ್ರರಿಯಿಂದ ಬಂದರು, ಕೋರ್ಟಿನಿಂದ ಬಂದರು, ಕೆರೆಯ ಕಡೆಯಿಂದ ಒದ್ದೆ ಕಾಲಿನಲ್ಲಿ ಓಡಿಬಂದರು. ಯಾರೂ ಕರೆದಿರಲಿಲ್ಲ. ದೂರದಿಂದಲೇ ಬಸ್ಸಿನ ಮೇಲೆ ಮಹಡಿ ಕಂಡಿತ್ತು, ಅದರ ಅರ್ಥ ಮಹಡಿಯವರಿಗೆ ಬಿಡಿಸಿ ಹೇಳಬೇಕೆ? ಬಂದವರು ಬಂದ ಹಾಗೆ ಕೈ ಹಚ್ಚಿದರು. ಹಿಂದೆ ಜಾಗ ಸಿಗದವರು ಬದಿಯಲ್ಲಿ, ಬದಿಯಲ್ಲಿ ಸಿಗದವರು ಮುಂದಿನವರ ಬೆನ್ನಿಗೆ. ಊರಿಗೆ ಭಾರ ಎಂದು ನಾನು ಗೊಣಗುತ್ತಿದ್ದ ಮಕ್ಕಳು. ಅವರ ನಡುವೆ ನಿಂತು ತಳ್ಳುವಾಗ ನನಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಆಗ ಕನಕಮ್ಮ ಬಂದರು. ತಮ್ಮ ಮಹಡಿ ಬಸ್ಸಿನ ಹಿಂದೆ ತಿರುಗುತ್ತಿದೆ ಎಂದು ಯಾರೋ ಹೇಳಿದ್ದರಂತೆ. ಮಧ್ಯಾಹ್ನದಿಂದ ಬಸ್ಸಿನ ಹಿಂದೆ ತಿರುಗೀ ತಿರುಗೀ, ಪ್ರತಿ ಸಲವೂ ಬಸ್ಸು ಕೈಗೆ ಸಿಗದೆ, ಈಗ ಏದುಸಿರು ಬಿಡುತ್ತ ಬಸ್ಸಿನ ಪಕ್ಕಕ್ಕೆ ಬಂದರು. ತಳ್ಳುವವರ ಕೈ ಸಡಿಲವಾಯಿತು. ಆಕೆ ಎಬ್ಬಿಸಿ ಎಂದರೆ ಬೇಡ ಎನ್ನುವ ಹಕ್ಕು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆಕೆ ತಲೆ ಎತ್ತಿ ತಮ್ಮ ಕೋಣೆಯನ್ನು ನೋಡಿದರು. ತೀರ ಹತ್ತಿರ, ತಲೆಯ ಮೇಲೇ ಇತ್ತು. ಗೋಡೆಯ ಒಂದು ಮೂಲೆಯಲ್ಲಿ ಆಗಲೇ ಸಣ್ಣಗೆ ಗಾರೆ ಉದುರುತ್ತಿತ್ತು.

ಬಸ್ಸಿನ ಕಿಟಕಿಯಲ್ಲಿ ತುಂಗಾ ಕಾಣಿಸಿಕೊಂಡಳು. ಮುಖ ಬಿಳಿಚಿತ್ತು. "ಅಮ್ಮಾ, ಎಬ್ಬಿಸ್ತೀನಿ. ಈಗಲೇ ಎಬ್ಬಿಸ್ತೀನಿ" ಎಂದಳು.

"ಮುಟ್ಟೀಯೆ ಜೋಕೆ" ಎಂದರು ಕನಕಮ್ಮ. ಬೀದಿಗೆಲ್ಲ ಕೇಳುವ ಬಾಯಿ ಅದು. ಆ ಮಾತು ಹತ್ತಿರವೇ ಇದ್ದ ನಮಗೇ ಅರ್ಧ ಕೇಳಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಬಂದರು. ನನ್ನನ್ನು ಮೊಣಕೈಯಿಂದ ಸರಿಸಿ, "ಊಟ ಮಾಡಿದೀರೋ ಇಲ್ವೋ? ಇದೇನಾ ತಳ್ಳೋ ರೀತಿ?" ಎಂದು ಗದರಿ, ಎರಡೂ ಕೈ ಬಸ್ಸಿಗೆ ಕೊಟ್ಟರು. ಬಸ್ಸು ಸರಾಗವಾಗಿ ನಡೆಯಿತು.

ಎಷ್ಟು ಹೊತ್ತು ತಳ್ಳಿದೆವೋ ಗೊತ್ತಿಲ್ಲ. ಬೆನ್ನು ಬಿದ್ದುಹೋಗುವಂತಿತ್ತು. ಕಾಲಿನ ಸದ್ದು, ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಗಾಗ ತುಂಗಾ ಕಿಟಕಿಯಿಂದ ಬಗ್ಗಿ ಪಿಸುದನಿಯಲ್ಲಿ ವರದಿ ಕೊಡುತ್ತಿದ್ದಳು. "ಪೂರ್ತಿ ಬೆವರು ಬಿಟ್ಟಿದೆ" ಎಂದಳು. "ಹಣೆ ತಣ್ಣಗಾಯ್ತು" ಎಂದಳು. ಆ ಮಾತು ಬಾಯಿಂದ ಬಾಯಿಗೆ ಹಿಂದಿನ ಸಾಲಿನವರೆಗೆ ಹೋಗುತ್ತಿತ್ತು, ಹೋದ ಹಾಗೆಲ್ಲ ಬಸ್ಸು ತುಸು ಜೋರಾಗುತ್ತಿತ್ತು.

ಕೊನೆಗೆ ಸೈರನ್ ಕೂಗಿತು. ಹುಟ್ಟಿದಾಗಿನಿಂದ ಕೇಳುತ್ತಿರುವ ಸೈರನ್ನು. ಅಷ್ಟು ಇಂಪಾಗಿ ಅದು ನನ್ನ ಕಿವಿಗೆ ಎಂದೂ ಬಿದ್ದಿರಲಿಲ್ಲ. ಪಡುವಣದ ಕಡೆಯಿಂದ ಮಹಡಿಗಳು ಸಾಲುಸಾಲಾಗಿ ಮನೆಗೆ ಬರತೊಡಗಿದವು. ಬಸ್ಸಿನ ಮೇಲಿದ್ದದ್ದು ಕಿಟಕಿಗಳನ್ನು ಒಮ್ಮೆ ಪಟಪಟ ಬಡಿದು, ಮೆಲ್ಲಗೆ ಮೇಲೆದ್ದು, ಬಕೇಟು ತೂಗಾಡಿಸಿಕೊಂಡು ಕನಕಮ್ಮನವರ ಬೀದಿಯ ಕಡೆಗೆ ಹೋಯಿತು. ಅದು ಮರೆಯಾಗುವ ತನಕ ನಾವು ಯಾರೂ ಕೈ ತೆಗೆಯಲಿಲ್ಲ. ಆಮೇಲೆ ತೆಗೆದೆವು. ಬಸ್ಸು ತನ್ನಷ್ಟಕ್ಕೆ ನಾಲ್ಕು ಮಾರು ಉರುಳಿ ನಿಂತಿತು.

ತೊಟ್ಟಿಲು ನಿಂತರೆ ಮಗು ಏಳುತ್ತದಲ್ಲ, ಹಾಗೆ, ಬಸ್ಸು ನಿಂತದ್ದೇ ನಸೀಮಾಳಿಗೆ ಎಚ್ಚರವಾಯಿತು. ಎದ್ದು ಕೂತಳು. ಕೂದಲೆಲ್ಲ ಹಣೆಗೆ ಅಂಟಿತ್ತು, ಕಣ್ಣು ತಿಳಿಯಾಗಿತ್ತು. ಸ್ಟೇರಿಂಗಿನ ಮುಂದೆ ಅಂತೋಣಿ ಬಿಟ್ಟರೆ ಸೀಟುಗಳೆಲ್ಲ ಖಾಲಿಯಾಗಿದ್ದವು. ಪಕ್ಕದಲ್ಲಿ ತುಂಗಾ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಸೀಮಾಳಿಗೆ ಏನೂ ತಿಳಿಯಲಿಲ್ಲ. ಅವಳ ಬೆನ್ನು ಸವರುತ್ತ ಕಿಟಕಿಯಿಂದ ಹೊರಗೆ ಇಣುಕಿದಳು. ಹೊರಗೆ ರಸ್ತೆ ತುಂಬ ಜನ, ಕೆಲವರು ಮೊಣಕಾಲು ಹಿಡಿದು ಬಗ್ಗಿದ್ದರು, ಕೆಲವರು ರಸ್ತೆಯಲ್ಲೇ ಕೂತಿದ್ದರು, ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಗಾಬರಿಯಿಂದ, ನಾಚಿಕೆಯಿಂದ, ತೀರ ಸಣ್ಣ ದನಿಯಲ್ಲಿ ಕೇಳಿದಳು.

"ನಮ್ಮ ಸ್ಟಾಪ್ ಬಂತಾ?"

ಅಲ್ಲಿ ಯಾವ ಸ್ಟಾಪೂ ಇರಲಿಲ್ಲ. ಒಂದು ಕಡೆ ಹುಣಸೆಮರ, ಇನ್ನೊಂದು ಕಡೆ ಬಾಗಿಲು ಹಾಕಿದ ಗ್ಯಾರೇಜು. ಕನಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಹತ್ತಿರ ಹೋದರು, ಒಳಗೆ ಕೈ ಹಾಕಿ ಅವಳ ಹಣೆ ಮುಟ್ಟಿ ನೋಡಿದರು.

"ಬಂತು ಕಣೇ" ಎಂದರು. "ನಿಧಾನಕ್ಕೆ ಇಳಿ."